ಹಿಂದಿನ ಪೆಡಲು ತುಳಿದವರು

ಅನುಮಾನ ಪಡುವುದೇ ನನ್ನ ಉದ್ಯೋಗ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವಾಗ ನಿಮಗೂ ಅನುಕೂಲ, ನನಗೂ ಸಂಕೋಚ ಕಡಿಮೆ. ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಗಾಡಿಯನ್ನು ನೋಡಿ, ಮಾಲೀಕ ಹೇಳುವ ಮಾತಿಗೂ ನೆಗ್ಗಿಹೋದ ತಗಡಿಗೂ ತಾಳೆಯಾಗುತ್ತದೆಯೋ ಇಲ್ಲವೋ ಎಂದು ವರದಿ ಬರೆಯುವವಳು. ಬೆಳಗಾವಿ, ಖಾನಾಪುರದ ಸುತ್ತಲಿನ ರಸ್ತೆಗಳಲ್ಲಿ ಮರಕ್ಕೆ ಗುದ್ದಿದವರು, ಕಾಲುವೆಗೆ ಇಳಿದವರು ನನ್ನ ಮುಂದೆ ಹೇಳದ ಕಥೆಯಿಲ್ಲ. "ಬಿಳೀ ಸೀರಿ ಉಟ್ಟಾಕಿ ಯಾರೋ ಅಡ್ಡ ಬಂದ್ಲರೀ" ಎಂದು ಒಬ್ಬ. "ಸ್ಟೇರಿಂಗ್ ತಂತಾನ ತಿರಗಿತ್ರಿ, ನನ್ನ ಕೈಯಾಗ ಇರಲೇ ಇಲ್ಲ" ಎಂದು ಇನ್ನೊಬ್ಬ. ಇಂಥ ಕಥೆ ಶುರುವಾದ ಕೂಡಲೇ ನಾನು ಹೂಂಗುಟ್ಟುತ್ತಾ, ಅವರ ಬಾಯಿಯ ವಾಸನೆ ನನ್ನ ಮೂಗಿಗೆ ಬಡಿಯುವಷ್ಟು ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಬಹುಪಾಲು ದೆವ್ವಗಳು ಅಲ್ಲಿಯೇ ಸಿಕ್ಕಿಬೀಳುತ್ತಿದ್ದವು.

ಮನೆಯಲ್ಲೂ ನನ್ನ ಸ್ವಭಾವ ಇದೇ. "ದೇವರು ಪ್ರತ್ಯಕ್ಷ ಆಗಿ ಬಂದ್ರೂ ಈಕಿ ಮೊದಲ ಆರ್.ಸಿ. ಬುಕ್ ಕೇಳ್ತಾಳ" ಎಂದು ನನ್ನ ಗಂಡ ಬಂದವರ ಮುಂದೆಲ್ಲ ಚೇಷ್ಟೆ ಮಾಡುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಹೀಗಿರುವಾಗ, ಕೆಲವು ವರ್ಷಗಳ ಹಿಂದೆ ನನಗೇ ಆದ ಈ ಅನುಭವವನ್ನು ಬೇರೆ ಯಾರಾದರೂ ನನ್ನ ಮೇಜಿನ ಮುಂದೆ ಕುಳಿತು ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ನೀವೂ ನಂಬಬೇಕೆಂದು ನನ್ನ ಹಟವಿಲ್ಲ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ, ಅಷ್ಟೇ.

ನಮ್ಮ ಊರಲ್ಲಿ ಬೆಳಿಗ್ಗೆ ಬೆಳಿಗ್ಗೆ ಸೈಕಲ್ ತುಳಿಯುವವರ ಒಂದು ಗುಂಪಿದೆ. ಡಾಕ್ಟರುಗಳು, ವಕೀಲರು, ಸೀರೆ ಅಂಗಡಿಯವರು, ಸಂಜೆ ಕುಂದಾ ಮಿಠಾಯಿ ತಿಂದು ಬೆಳಿಗ್ಗೆ ಕರಗಿಸುವ ಜನ. ಮೊಣಕಾಲು ನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ನಾನೂ ಸೇರಿದ್ದೆ. ಆ ವರ್ಷ ಗುಂಪಿನವರು ಬೆಳಗಾವಿಯಿಂದ ಖಾನಾಪುರ, ರಾಮನಗರ, ಜೋಯಿಡಾ ಮಾರ್ಗವಾಗಿ ಕಾರವಾರದವರೆಗೆ ಸೈಕಲ್ ಸವಾರಿ ಮಾಡುವುದೆಂದೂ, ಅದರಿಂದ ಕೂಡಿದ ದೇಣಿಗೆಯಲ್ಲಿ ಅಂಧ ಹೆಣ್ಣುಮಕ್ಕಳ ಒಂದು ವಸತಿನಿಲಯಕ್ಕೆ ಹೊಸ ಕೋಣೆ ಕಟ್ಟಿಸಿಕೊಡುವುದೆಂದೂ ನಿರ್ಧರಿಸಿದರು. ಸಭೆಗೆ ಆ ನಿಲಯದ ಮೇಲ್ವಿಚಾರಕಿ ಸರೋಜಕ್ಕನನ್ನು ಕರೆದಿದ್ದರು. ಸರೋಜಕ್ಕನಿಗೆ ಕಣ್ಣು ಕಾಣುವುದಿಲ್ಲ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಯಾವುದೋ ಕಾಯಿಲೆ ಬಂದು ದೃಷ್ಟಿ ಹೋಯಿತಂತೆ. ಅದಕ್ಕೂ ಮೊದಲು ಊರಿನ ನೇಕಾರರ ಬಡಾವಣೆ ಖಾಸಬಾಗದ ಓಣಿಯಲ್ಲಿ ಹುಡುಗರಿಗಿಂತ ಜೋರಾಗಿ ಸೈಕಲ್ ಹೊಡೆಯುತ್ತಿದ್ದರಂತೆ.

ಎಲ್ಲರೂ ಅವರಿಗೆ ನಮಸ್ಕಾರ ಹೇಳಿ ಎರಡು ಮಾತಾಡಲು ಕೇಳಿಕೊಂಡರು. ಅವರು ಎದ್ದು ನಿಂತು ಹೇಳಿದ್ದು ಇಷ್ಟೇ:

"ಪ್ರತಿ ಸಲ ನಮ್ಮ ಹೆಸರಿನ್ಯಾಗ ಬ್ಯಾರೆಯವರು ಬೆವರು ಸುರಸ್ತಾರ. ನಮ್ಮನ್ನ ಸ್ಟೇಜ್ ಮ್ಯಾಲ ಕುಂದರಿಸಿ ಶಾಲು ಹೊಚ್ಚತಾರ. ಈ ಸಲ ನನಗ ಶಾಲು ಬ್ಯಾಡ್ರಿ, ಸೈಕಲ್ ಕೊಡ್ರಿ. ನಾನೂ ತುಳೀತೀನಿ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಕ್ಯಾಂಪ್ ಎಂಬ ದಂಡಿನ ಬಡಾವಣೆಯಲ್ಲಿರುವ ಒಬ್ಬ ನಿವೃತ್ತ ಸೇನಾಧಿಕಾರಿಯ ಬಂಗಲೆಯಲ್ಲಿ ಒಂದು ಜೋಡಿ ಸೈಕಲ್ ಇದೆಯೆಂದು ಗೊತ್ತಾಯಿತು. ಒಂದೇ ಸೈಕಲ್ಲಿಗೆ ಎರಡು ಸೀಟು, ಎರಡು ಜೊತೆ ಪೆಡಲು. ಮುಂದಿನವರು ಹ್ಯಾಂಡಲ್, ಬ್ರೇಕು ನೋಡಿಕೊಳ್ಳಬೇಕು. ಹಿಂದಿನವರು ತುಳಿಯಬೇಕು. ಎರಡೂ ಪೆಡಲಿಗೆ ನಡುವೆ ಚೈನಿರುವುದರಿಂದ ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಮುಂದೆ ಕೂರಲು ಹೆಂಗಸೇ ಬೇಕೆಂದು ಸರೋಜಕ್ಕನ ಮನೆಯವರು ಹೇಳಿದ್ದರಿಂದ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು.

ಮನೆಯವರೆಂದರೆ ಅವರ ಅಣ್ಣ ಮಲ್ಲಣ್ಣ. ಖಾಸಬಾಗದಲ್ಲಿ ಅವರ ವಿದ್ಯುತ್ ಮಗ್ಗಗಳಿವೆ. ನಾನು ಮೊದಲ ದಿನ ಹೋದಾಗ ಮಗ್ಗದ ಸಪ್ಪಳ ನಿಲ್ಲಿಸಿ ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಗಾಡಿ ನೋಡುವ ಹಾಗೆಯೇ.

"ನೋಡ್ರಿ ಬಾಯಾರ, ಆಕಿ ಹೊರಗ ಹೋಗೂದು ನನಗೇನ ಬ್ಯಾಡಾಗಿಲ್ಲ. ಆದ್ರ ಒಂದ ಮಿನಿಟ ಸುದ್ದಾ ರಸ್ತಾದಾಗ ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಬಿಟ್ರಿ ಅಂತ ನನಗ ಗೊತ್ತಾತಂದ್ರ ಅವತ್ತಿಗೆ ಮುಗೀತು. ಸೈಕಲ್ಲೂ ಇಲ್ಲ, ಕಾರವಾರನೂ ಇಲ್ಲ."

ನಾನು ಒಪ್ಪಿ ಮಾತು ಕೊಟ್ಟೆ.

ವಾರದಲ್ಲಿ ಎರಡು ಮೂರು ಸಲ ನಮ್ಮ ತಾಲೀಮು. ಸೂರ್ಯ ಹುಟ್ಟುವ ಹೊತ್ತಿಗೆ ಖಾಸಬಾಗ ಬಿಟ್ಟು, ಮಚ್ಛೆ ದಾಟಿ, ದೇಸೂರಿನ ಬಾಜುವಿನಿಂದ ಖಾನಾಪುರದವರೆಗೆ ಹೋಗಿ ತಿರುಗಿ ಬರುವುದು. ಹತ್ತುವುದಕ್ಕೆ ನಮ್ಮದೊಂದು ಪದ್ಧತಿಯಿತ್ತು. ನಾನು ಸೈಕಲ್ಲನ್ನು ಕಾಲುಗಳ ನಡುವೆ ಹಿಡಿದು, ಎರಡೂ ಬ್ರೇಕು ಒತ್ತಿ ಅಲುಗಾಡದೆ ನಿಲ್ಲಬೇಕು. ಸರೋಜಕ್ಕ ಹಿಂದಿನ ಸೀಟು ಹತ್ತಿ, ಪೆಡಲಿನ ಪಟ್ಟಿಗಳೊಳಗೆ ಪಾದ ತೂರಿಸಿ ಬಿಗಿ ಮಾಡಿಕೊಂಡು, ಆಮೇಲೆ ನನ್ನ ಬಲಭುಜಕ್ಕೆ ಎರಡು ಸಲ ತಟ್ಟಬೇಕು. ತಟ್ಟಿದ ಮೇಲೆಯೇ ನಾನು ಬ್ರೇಕು ಬಿಡುವುದು. ದಾರಿಯುದ್ದಕ್ಕೂ ನಾನು ಕಂಡದ್ದನ್ನು ಹೇಳುತ್ತಾ ಹೋಗಬೇಕು. ಎಮ್ಮೆ ಬಂತು, ಕಬ್ಬಿನ ಟ್ರ್ಯಾಕ್ಟರ್ ಬಂತು, ಸಾಲಿ ಹುಡುಗಿಯರು ಕೈ ಬೀಸಿದರು. ಸರೋಜಕ್ಕ ಸಂತೋಷವಾಗಿದ್ದರೆ ನನ್ನನ್ನು ತಂಗಿ ಎನ್ನುತ್ತಿದ್ದರು, ನೀ ಎನ್ನುತ್ತಿದ್ದರು. ಸಿಟ್ಟು ಬಂದರೆ ನಾನು ತಟ್ಟನೆ ಮೇಡಂ ಆಗುತ್ತಿದ್ದೆ.

ಒಮ್ಮೆ ಇಳಿಜಾರಿನಲ್ಲಿ ಗಾಳಿಗೆ ಮುಖವೊಡ್ಡಿ ಅವರು ಹಿಂದಿನಿಂದ ಕೂಗಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಕಾರಿನ್ಯಾಗ ಕುಂತ್ರ ನನ್ನ ಒಯ್ತಾರವಾ ತಂಗಿ. ಇದರ ಮ್ಯಾಲ ಕುಂತ್ರ ನಾ ಹೊಂಟಿರ್ತೀನಿ!"

ಆದರೆ ನನ್ನ ಸ್ವಭಾವ ಎಲ್ಲಿ ಹೋದೀತು? ಕೆಲವು ವಾರಗಳಾದ ಮೇಲೆ ನನಗೆ ಅನುಮಾನ ಶುರುವಾಯಿತು. ಇಳಿಜಾರಿನಲ್ಲಿ, ಸಪಾಟು ರಸ್ತೆಯಲ್ಲಿ ಎಲ್ಲ ಸರಿಯಿರುತ್ತಿತ್ತು. ಏರು ಬಂದ ಕೂಡಲೇ ಭಾರವೆಲ್ಲ ನನ್ನ ತೊಡೆಯ ಮೇಲೆ ಬಂದು ಕೂರುತ್ತಿತ್ತು. ಜೋಡಿ ಸೈಕಲ್ಲಿನಲ್ಲಿ ಹಿಂದಿನವರ ಕಾಲು ಹೇಗೂ ತಿರುಗುತ್ತಿರುತ್ತದೆ. ತುಳಿಯುತ್ತಿದ್ದಾರೋ, ಸುಮ್ಮನೆ ತಿರುಗಲು ಬಿಟ್ಟಿದ್ದಾರೋ ಮುಂದಿನವರಿಗೆ ಕಾಣುವುದಿಲ್ಲ. ಈಕೆ ಏರಿನಲ್ಲಿ ಕಾಲನ್ನು ಬರೀ ಇಟ್ಟುಕೊಂಡು ಕೂರುತ್ತಾರೆ ಎಂಬುದು ನನ್ನ ತಲೆಯಲ್ಲಿ ಹೊಕ್ಕಿತು. ಒಮ್ಮೆ ಹೊಕ್ಕರೆ ನನ್ನ ತಲೆಯಿಂದ ಯಾವುದೂ ಸುಲಭಕ್ಕೆ ಹೊರಗೆ ಹೋಗುವುದಿಲ್ಲ.

ಸವಾರಿಗೆ ಇನ್ನು ಕೆಲವೇ ವಾರಗಳು ಉಳಿದಿದ್ದ ಒಂದು ಭಾನುವಾರ. ಚಳಿಗಾಲ, ಆದರೆ ಮಂಜಿರಲಿಲ್ಲ. ಬಿಸಿಲು ಚೆನ್ನಾಗಿ ಬಿದ್ದಿತ್ತು, ರಸ್ತೆ ಒಣಗಿತ್ತು, ನನ್ನ ಕಣ್ಣಿಗೂ ಮನಸ್ಸಿಗೂ ಯಾವ ಮಬ್ಬೂ ಇರಲಿಲ್ಲ. ವರದಿಯಲ್ಲಿ ಬರೆಯುವ ಹಾಗೆ ಬರೆಯುತ್ತಿದ್ದೇನೆಂದು ನಗಬೇಡಿ. ಖಾನಾಪುರದಲ್ಲಿ ಮಲಪ್ರಭೆಯ ಸೇತುವೆಯವರೆಗೆ ಹೋಗಿ ತಿರುಗಿ, ಊರ ಹೊರಗಿನ ಒಂದು ಚಹಾ ಅಂಗಡಿಯಲ್ಲಿ ನಿಂತೆವು. ಅಂಗಡಿ ನಡೆಸುವ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುವವಳು, ನಮಗೆ ಪರಿಚಯದವಳೇ, ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವವಳು. ಬಿಸಿ ಭಜಿ ಕೊಟ್ಟಳು, ಚಹಾ ಕೊಟ್ಟಳು. ನಾನು ಬಾಯಿ ಮುಚ್ಚಿಕೊಂಡು ತಿನ್ನಬಹುದಿತ್ತು.

"ಅಕ್ಕಾ, ಸಿಟ್ಟಾಗಬ್ಯಾಡ್ರಿ" ಎಂದೆ. "ಏರು ಬಂದಾಗ ನೀವು ಕಾಲು ಸುಮ್ನ ಇಟ್ಟಿರ್ತೀರಿ ಅಂತ ನನಗ ಅನಸ್ತೈತಿ. ಕಾರವಾರ ದಾರಿಯಾಗ ಭಾರೀ ಏರು ಅದಾವ. ಹಿಂಗಾದ್ರ ನನ್ನಿಂದ ಆಗೂದಿಲ್ಲ."

ಸರೋಜಕ್ಕನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಆಮೇಲೆ ಅದನ್ನು ಬೆಂಚಿನ ಮೇಲೆ ತಡಕಾಡಿ ಇಟ್ಟರು.

"ಅಂದ್ರ ನಾ ಹಿಂದ ಕಟ್ಟಿದ ಸಾಮಾನ ಇದ್ದಂಗ. ಅಲ್ರೀ ಮೇಡಂ?"

ನಾನು ಹಾಗಲ್ಲ, ಹೀಗೆ ಎಂದು ಏನೇನೋ ಹೇಳಿದೆ. ಅವರು ಕೈ ತೊಳೆಯಬೇಕೆಂದು ಅಂಗಡಿಯ ಬಾಯಿಯನ್ನು ಕರೆದರು. ಆಕೆ ಅವರ ಕೈ ಹಿಡಿದು ಹಿಂದಿನ ನೀರಿನ ಪಿಪಾಯಿಯ ಕಡೆಗೆ ಕರೆದುಕೊಂಡು ಹೋದಳು. ನಾನು ಮುಖ ಊದಿಸಿಕೊಂಡು ಸೈಕಲ್ಲನ್ನು ರಸ್ತೆಯ ಅಂಚಿಗೆ ತಂದು, ಬೆಳಗಾವಿಯ ಕಡೆಗೆ ಮುಖ ಮಾಡಿ, ಎರಡೂ ಬ್ರೇಕು ಹಿಡಿದು ನಿಂತೆ. ಹಿಂದೆ ತಿರುಗಿ ನೋಡಲಿಲ್ಲ. ನನಗೂ ಸಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಸೈಕಲ್ಲು ಹಿಂದಕ್ಕೆ ಕುಸಿಯಿತು. ಸೀಟಿನ ಸ್ಪ್ರಿಂಗು ಕಿರ್ ಎಂದಿತು. ಪೆಡಲಿನ ಪಟ್ಟಿ ಎಳೆದ ಸದ್ದಾಯಿತು. ನನ್ನ ಬಲಭುಜಕ್ಕೆ ಎರಡು ಸಲ ತಟ್ಟಿದ್ದಾಯಿತು. ಇದನ್ನು ನಾನು ಎಷ್ಟು ಸಲ ನೆನಪಿಗೆ ತಂದುಕೊಂಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ತಟ್ಟಿದ್ದು ತಟ್ಟಿದ್ದೇ. "ಹೊಂಟ್ವಿ ನೋಡ್ರಿ ಅಕ್ಕಾ" ಎಂದು ಹಿಂದಕ್ಕೆ ಹೇಳಿ ಬ್ರೇಕು ಬಿಟ್ಟೆ.

ಖಾನಾಪುರದಿಂದ ಬೆಳಗಾವಿಯ ಕಡೆಗೆ ಬರುವಾಗ ನೆಲ ಮೆಲ್ಲಗೆ ಏರುತ್ತಾ ಹೋಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ತಿಳಿಯುವುದಿಲ್ಲ, ಸೈಕಲ್ ತುಳಿಯುವವರ ತೊಡೆಗೆ ಮಾತ್ರ ತಿಳಿಯುತ್ತದೆ. ಆ ದಿನ ನನ್ನ ತೊಡೆಗೂ ತಿಳಿಯಲಿಲ್ಲ. ಹಿಂದಿನಿಂದ ಅಂಥ ಒತ್ತು ಬರುತ್ತಿತ್ತು. ಯಾರೋ ಬೆನ್ನಿಗೆ ಅಂಗೈ ಇಟ್ಟು ನೂಕುತ್ತಿರುವ ಹಾಗೆ. ನನ್ನ ಕಾಲು ಪೆಡಲನ್ನು ತುಳಿಯುವ ಮೊದಲೇ ಪೆಡಲು ಕೆಳಗೆ ಹೋಗುತ್ತಿತ್ತು. ಲಾರಿಯವನೊಬ್ಬ ನಮ್ಮನ್ನು ದಾಟುವಾಗ ಹಾರ್ನ್ ಬಾರಿಸಿ ಕೈ ಎತ್ತಿದ. ಸಿಟ್ಟಿಗೆದ್ದ ಸರೋಜಕ್ಕ ನನಗೆ ಪಾಠ ಕಲಿಸುತ್ತಿದ್ದಾರೆ ಎಂದುಕೊಂಡೆ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ನಾನು ಎಂದಿನಂತೆ ಎಮ್ಮೆ, ಟ್ರ್ಯಾಕ್ಟರು ಎಂದು ಹೇಳುತ್ತಾ ಹೋದೆ. ಅವರು ಮಾತಾಡಲಿಲ್ಲ. ಸಿಟ್ಟಿನಲ್ಲಿದ್ದಾರೆ, ಇರಲಿ ಎಂದುಕೊಂಡೆ.

ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟೆ. "ಅಕ್ಕಾ, ತಪ್ಪಾತು. ನಿಮ್ಮ ಕಾಲಾಗ ಇಷ್ಟ ತಾಕತ್ತ ಐತಿ ಅಂತ ನನಗ ಗೊತ್ತಿರಲಿಲ್ಲ."

ಬಲಭುಜಕ್ಕೆ ಎರಡು ಸಲ ತಟ್ಟಿದರು. ನನಗೆ ಮನಸ್ಸು ಹಗುರಾಯಿತು.

ಇದ್ದಲಹೊಂಡ ಎಂಬ ಹಳ್ಳಿಯ ಹತ್ತಿರ ಬಂದಾಗ ನನ್ನ ಫೋನು ರಿಂಗಾಗತೊಡಗಿತು. ಅದನ್ನು ಹ್ಯಾಂಡಲ್ಲಿಗೆ ಕಟ್ಟಿದ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಬದಿಗೆ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ ತೆಗೆದು ನೋಡಿದರೆ ಸರೋಜಕ್ಕನ ಹೆಸರು. ನನಗೆ ನಗು ಬಂತು. "ಅಕ್ಕಾ, ನಿಮ್ಮ ಕಿಸೆದಾಗಿನ ಫೋನ್ ತಂತಾನ ನನಗ ಹತ್ತೈತಿ ನೋಡ್ರಿ" ಎಂದು ಹಿಂದಕ್ಕೆ ಹೇಳಿ ಕಟ್ ಮಾಡಿದೆ. ಫೋನು ಮತ್ತೆ ರಿಂಗಾಯಿತು. ಈ ಸಲ ಎತ್ತಿದೆ.

"ಮೇಡಂ, ಎಲ್ಲದೀರಿ? ನಾ ಇಲ್ಲೇ ಅಂಗಡ್ಯಾಗ ಕುಂತೀನಿ. ನನ್ನ ಬಿಟ್ಟು ಎಲ್ಲಿ ಹೋಗೀರಿ?"

ಸರೋಜಕ್ಕನ ದನಿಯೇ. ಅದರ ಹಿಂದೆ ಎಣ್ಣೆಗೆ ಭಜಿ ಬಿಡುವ ಚುರ್ ಎಂಬ ಸದ್ದು, ಅಂಗಡಿಯ ಬಾಯಿ ಯಾರಿಗೋ ಮರಾಠಿಯಲ್ಲಿ ಏನೋ ಹೇಳುತ್ತಿರುವುದು.

ಆಗ ನನ್ನ ಬೆನ್ನ ಹಿಂದೆ ಸೈಕಲ್ಲು ಇನ್ನೂ ಭಾರವಾಗಿತ್ತು. ನಿಂತಾಗ ಸರೋಜಕ್ಕ ಯಾವಾಗಲೂ ಮೈಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಾರೆ. ಆ ವಾಲು ಹ್ಯಾಂಡಲ್ಲಿನಲ್ಲಿ ನನ್ನ ಕೈಗೆ ಗೊತ್ತಾಗುತ್ತದೆ. ಅದೇ ವಾಲು ಆಗಲೂ ಇತ್ತು. ನಾನು ಹಿಂದೆ ತಿರುಗಲಿಲ್ಲ. ಧೈರ್ಯವಾಗಲಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿಬಿಡುತ್ತೇನೆ. ಜೀವಮಾನವಿಡೀ ಬೇರೆಯವರ ದೆವ್ವಗಳನ್ನು ಹಿಡಿದವಳಿಗೆ ಹಾಡುಹಗಲು, ಬಸ್ಸು ಲಾರಿ ಓಡಾಡುವ ರಸ್ತೆಯಲ್ಲಿ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಫೋನಿನಲ್ಲಿ ಸರೋಜಕ್ಕ "ಹಲೋ, ಹಲೋ" ಎನ್ನುತ್ತಿದ್ದರು. ಸೀಟಿನ ಸ್ಪ್ರಿಂಗು ಮತ್ತೆ ಕಿರ್ ಎಂದಿತು. ಅವರು ಇಳಿದಾಗ ಆಗುವಂತೆಯೇ ಸೈಕಲ್ಲು ಮೆಲ್ಲಗೆ ಮೇಲೆದ್ದಿತು.

ಆಮೇಲೆ ತಿರುಗಿದೆ. ಯಾರೂ ಇರಲಿಲ್ಲ. ರಸ್ತೆ ನೆಟ್ಟಗಿತ್ತು. ಎರಡೂ ಬದಿಗೆ ಕೊಯ್ಲಾದ ಗದ್ದೆ, ಒಬ್ಬ ಮನುಷ್ಯ ಅಡಗಲು ಒಂದು ಗಿಡವೂ ಇಲ್ಲ. ನನ್ನ ಕಸುಬಿನ ಬುದ್ಧಿ ಆಗಲೂ ಬಿಡಲಿಲ್ಲ. ಬಗ್ಗಿ ಹಿಂದಿನ ಪೆಡಲುಗಳನ್ನು ನೋಡಿದೆ. ಎರಡೂ ಪಟ್ಟಿಗಳು ಒಳಗೆ ಪಾದವಿದ್ದರೆ ಹೇಗೆ ಬಿಗಿದಿರುತ್ತವೋ ಹಾಗೆ ಬಿಗಿದಿದ್ದವು.

ಸೈಕಲ್ಲನ್ನು ತಿರುಗಿಸಿ ಖಾನಾಪುರದ ಕಡೆಗೆ ಒಬ್ಬಳೇ ಹೊಡೆದೆ. ಇದನ್ನು ನೀವು ಗಮನಿಸಬೇಕು. ಖಾಲಿ ಜೋಡಿ ಸೈಕಲ್ಲು ಹೋಗುವ ರೀತಿಯೇ ಬೇರೆ. ಹಿಂದಿನ ಗಾಲಿ ಸಣ್ಣ ಕಲ್ಲಿಗೂ ಪುಟಿಯುತ್ತದೆ, ನಡುವಿನ ಚೈನು ಗಲಗಲ ಎನ್ನುತ್ತದೆ. ಬರುವಾಗ ಇದಾವುದೂ ಇರಲಿಲ್ಲ. ಆಮೇಲೊಂದು ದಿನ ಖಾಲಿ ಸೈಕಲ್ಲನ್ನು ಅದೇ ಏರಿನಲ್ಲಿ ತುಳಿದೂ ನೋಡಿದೆ. ಅರ್ಧ ದಾರಿಗೇ ಉಬ್ಬಸ ಬಂತು.

ಸರೋಜಕ್ಕ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದರು. ಹೆಲ್ಮೆಟ್ ಹಾಕಿಕೊಂಡು, ಗದ್ದದ ಕೆಳಗೆ ಪಟ್ಟಿಯನ್ನೂ ಕಟ್ಟಿಕೊಂಡು, ಎರಡು ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು. ಹೊರಡಲು ಸಿದ್ಧವಾಗಿ ಕೈ ತೊಳೆದು ಬಂದವರು ಹಾಗೆಯೇ ಕಾಯುತ್ತಾ ಕುಳಿತಿದ್ದರೆಂದು ಕಂಡ ಕೂಡಲೇ ತಿಳಿಯಿತು. ನನಗೆ ಅಳು ಬಂತು.

"ನಾ ಇಲ್ದ ಸೈಕಲ್ ಎಷ್ಟ ಹಗುರ ಹೋಕ್ಕೈತಿ ಅಂತ ನೋಡಾಕ ಹೋಗಿದ್ರೇನ್ರಿ ಮೇಡಂ?" ಎಂದರು. ದನಿಯಲ್ಲಿ ಏರಿಳಿತವೇ ಇರಲಿಲ್ಲ.

ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಯೋಚಿಸುತ್ತಿದ್ದೆ. ಜಗಳವಾಗಿತ್ತು. ಹಿಂದಿನವರಿಂದ ಏನೂ ಉಪಯೋಗವಿಲ್ಲ ಎಂದು ಹೇಳಿದವಳು ನಾನೇ. ಹೇಳಿದ ಮರುಕ್ಷಣ ಅವರನ್ನು ಬಿಟ್ಟು ಹೋಗಿದ್ದೆ. ಈಗ ತಿರುಗಿ ಬಂದು, ಹಿಂದೆ ಬೇರೆ ಯಾರೋ ಕುಳಿತಿದ್ದರು ಎನ್ನಬೇಕಾಗಿತ್ತು. ನನ್ನ ಮುಂದೆ ಕುಳಿತು ಸ್ಟೇರಿಂಗ್ ತಂತಾನೇ ತಿರುಗಿತು ಎಂದವನ ಮುಖ ನೆನಪಾಯಿತು. ಆದರೂ ಅವರ ಪಕ್ಕದಲ್ಲಿ ಕುಳಿತು ಆದದ್ದನ್ನೆಲ್ಲ ಹೇಳಿದೆ. ಭಾರ, ತಟ್ಟಿದ್ದು, ಒತ್ತು, ತಪ್ಪಾತು ಎಂದಿದ್ದು, ಅದಕ್ಕೆ ಮತ್ತೆ ತಟ್ಟಿದ್ದು.

ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಸೈಕಲ್ ಹತ್ತಿರ ತರಲು ಹೇಳಿದರು. ಬಗ್ಗಿ ಹಿಂದಿನ ಪೆಡಲನ್ನು ಹುಡುಕಿ ಪಟ್ಟಿಯ ಮೇಲೆ ಬೆರಳಾಡಿಸಿದರು.

"ಇದನ್ನ ನಾ ಸಡ್ಲ ಮಾಡಿ ಇಳದಿದ್ದೆ" ಎಂದರು. ಪಟ್ಟಿಯನ್ನು ಹಿಡಿದುಕೊಂಡೇ, "ನನಗಿಂತ ಜೋರ ತುಳೀತೇನು, ಅದು?" ಎಂದು ಕೇಳಿದರು.

ಹೆದರುತ್ತಾರೆ, ಬೈಯುತ್ತಾರೆ ಅಥವಾ ನಗುತ್ತಾರೆ ಎಂದು ಎಣಿಸಿದ್ದೆ. ಈ ಪ್ರಶ್ನೆಯನ್ನು ಎಣಿಸಿರಲಿಲ್ಲ. ಇಲ್ಲ ಎನ್ನಬೇಕೆಂದು ಬಾಯಿವರೆಗೆ ಬಂತು. ಆದರೆ ಅವರು ಆಗ ನನ್ನ ಯಾವ ಮಾತನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ, ಅದರ ಮೇಲೆ ಸುಳ್ಳು ಬೇರೆ ಬೇಡವೆನಿಸಿತು.

"ಹೌದಕ್ಕಾ" ಎಂದೆ.

ಅವರು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡರು. "ಹಂಗಾರ ಅದು ನನ್ನ ಸಿಟ್ಟ ಇದ್ದೀತು ಬಿಡ್ರಿ. ನಾ ಕೈ ತೊಳಿಯಾಕ ಹ್ವಾದೆ, ಅದು ಬಂದು ಹತ್ತಿ ಕುಂತಿತು." ಚೇಷ್ಟೆಗೆ ಹೇಳಿದರೋ, ನನ್ನನ್ನು ಚುಚ್ಚಲು ಹೇಳಿದರೋ ತಿಳಿಯಲಿಲ್ಲ.

ಮನೆಗೆ ಮುಟ್ಟಿದಾಗ ಮಲ್ಲಣ್ಣ ಬಾಗಿಲಲ್ಲೇ ನಿಂತಿದ್ದರು. ಯಾಕೆ ತಡವೆಂದು ಕೇಳಿದರು. ಕೊಟ್ಟ ಮಾತು ಮುರಿದದ್ದು ನಾನು, ಹೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸರೋಜಕ್ಕನೇ ಹೇಳಿದರು, "ಗಾಲಿ ಪಂಚರ್ ಆಗಿತ್ತಣ್ಣಾ." ನನ್ನನ್ನು ಉಳಿಸಲು ಹೇಳಿದ ಸುಳ್ಳಲ್ಲ ಅದು. ನಿಜ ಗೊತ್ತಾದರೆ ಅವರ ಕಾರವಾರ ಅಲ್ಲಿಗೇ ಮುಗಿಯುತ್ತಿತ್ತು.

ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಅನುಮಾನವೇ ಮೂರನೆಯವರಂತೆ ಬಂದು ಕುಳಿತಿತು. ತಾಲೀಮು ನಿಲ್ಲಲಿಲ್ಲ. ಆದರೆ ಅವರು ಭುಜ ತಟ್ಟುವುದನ್ನು ಬಿಟ್ಟರು. ಹತ್ತಿ ಕುಳಿತ ಮೇಲೆ "ಸರೋಜಾ ಕುಂತೀನಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ನಾನು ಮೇಡಂ ಆಗಿಯೇ ಉಳಿದೆ. ಏರು ಬಂದಾಗ ಅವರು ಹಲ್ಲು ಕಚ್ಚಿ ತುಳಿಯುವುದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಯಾರೊಂದಿಗೋ ಪೈಪೋಟಿಗೆ ಬಿದ್ದವರ ಹಾಗೆ ತುಳಿಯುತ್ತಿದ್ದರು.

ನಾನು ಸುಮ್ಮನೆ ಕೂರುವವಳಲ್ಲ. ಒಬ್ಬಳೇ ಖಾನಾಪುರಕ್ಕೆ ಹೋಗಿ ಅಂಗಡಿಯ ಬಾಯಿಯನ್ನು ವಿಚಾರಿಸಿದೆ. "ಆ ಬಾಯಿಗೆ ಪಿಪಾಯಿ ತೋರಿಸಿ ಲಗೂನ ತಿರಗಿ ಬಂದೆರಿ, ಕಢಾಯಿದಾಗ ಭಜಿ ಇತ್ತು. ಖರೇ ಹೇಳ್ತೀನ್ರಿ ತಾಯಿ, ನಾ ನಿಮ್ಮ ಕಡಿ ನೋಡಿಲ್ಲ. ನೀವು ಹಿಂದಿನವರ ಕೂಡ ಮಾತಾಡಿದ್ದು ಕೇಳಿಸ್ತು. ಅದಕ್ಕ ಇಬ್ಬರೂ ಹ್ವಾದ್ರು ಅಂತ ತಿಳದೆ" ಎಂದಳು. ಇಂಥ ಸಾಕ್ಷಿಗೆ ನನ್ನ ವರದಿಯಲ್ಲಿ ಜಾಗವಿಲ್ಲ. ಆದರೂ ಆಕೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಅನ್ನಿಸಿತು. ಆ ದಿನಗಳಲ್ಲಿ ನನಗೆ ಎಲ್ಲರ ಮೇಲೂ ಹಾಗೆಯೇ ಅನ್ನಿಸುತ್ತಿತ್ತು. ಯಾರಾದರೂ ಪೋಕರಿ ಹತ್ತಿ ಕುಳಿತು, ನಾನು ನಿಂತಾಗ ಹಾರಿ ಓಡಿರಬಹುದೇ ಎಂದು ಗುಂಪಿನ ಗೆಳತಿಯೊಬ್ಬಳನ್ನು ಹಿಂದೆ ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಪಟ್ಟಿ ಬಿಗಿದ ಪಾದ ಬಿಡಿಸಿಕೊಳ್ಳುವಷ್ಟರಲ್ಲಿ ಇಬ್ಬರೂ ಸೈಕಲ್ ಸಮೇತ ನೆಲಕ್ಕೆ ಬಿದ್ದೆವು.

ಕ್ಯಾಂಪಿನ ಹಳೆಯ ಬಂಗಲೆಯ ಸೈಕಲ್ಲು ಎಂದ ಕೂಡಲೇ ನೀವು ಮನಸ್ಸಿನಲ್ಲಿ ಒಂದು ಕಥೆ ಕಟ್ಟಿರುತ್ತೀರಿ. ನಾನೂ ಕಟ್ಟಿದ್ದೆ. ಹೋಗಿ ವಿಚಾರಿಸಿದರೆ ಅದರ ಮಾಲೀಕರೂ ಅವರ ಹೆಂಡತಿಯೂ ಗಟ್ಟಿಮುಟ್ಟಾಗಿದ್ದು, ಬ್ಯಾಡ್ಮಿಂಟನ್ ಆಡಿ ಬೆವರು ಒರೆಸಿಕೊಳ್ಳುತ್ತಿದ್ದರು. ಆ ಸೈಕಲ್ಲಿನಿಂದ ಯಾರೂ ಬಿದ್ದಿಲ್ಲ, ಯಾರೂ ಸತ್ತಿಲ್ಲ. ಗುಂಪಿನ ಡಾಕ್ಟರರೊಬ್ಬರು ರಕ್ತದಲ್ಲಿ ಸಕ್ಕರೆ ಕಡಿಮೆಯಾದರೆ ಹೀಗೆಲ್ಲ ಆಗುತ್ತದೆ ಎಂದರು. ಆಗಷ್ಟೇ ಹೊಟ್ಟೆ ತುಂಬ ಭಜಿ ತಿಂದವಳಿಗೆ ಯಾವ ಸಕ್ಕರೆ ಕಡಿಮೆಯಾದೀತು? ಕೊನೆಗೆ ಉಳಿದದ್ದು ನನ್ನ ತಲೆಯ ಮೇಲೆ ನನಗೇ ಅನುಮಾನ. ಅದನ್ನು ಪರೀಕ್ಷಿಸುವ ದಾರಿ ಗೊತ್ತಾಗಲಿಲ್ಲ.

ಸವಾರಿಯ ದಿನ ಬಂತು. ಮೊದಲ ದಿನ ಸರಾಗವಾಗಿ ಕಳೆಯಿತು. ಎರಡನೆಯ ದಿನ ಜೋಯಿಡಾದ ಕಾಡಿನ ಏರು. ಬೇರೆಯವರು ಸೈಕಲ್ಲಿನಿಂದ ಇಳಿದು ತಳ್ಳುತ್ತಿದ್ದರು. ನಮ್ಮ ಕಾಲೂ ಸೋತಿತ್ತು, ಸರೋಜಕ್ಕನ ಉಸಿರು ನನ್ನ ಬೆನ್ನಿಗೆ ಬಡಿಯುವಷ್ಟು ಜೋರಾಗಿತ್ತು. ಇಳಿಯೋಣವೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಆ ಒತ್ತು ಬಂತು. ಇದ್ದಲಹೊಂಡದ ದಾರಿಯಲ್ಲಿ ಬಂದದ್ದೇ. ಭಾರ ಇಳಿದುಹೋಯಿತು. ತಳ್ಳುತ್ತಿದ್ದವರನ್ನು ದಾಟಿಕೊಂಡು ಮೇಲೆ ಹೋದೆವು, ಅವರು ಹೋ ಎಂದು ಕೂಗಿದರು. ತುಳಿಯುತ್ತಿರುವವರು ನೀವೇ ತಾನೇ ಎಂದು ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಹಾಗೆ ಕೇಳಿದರೆ ನೀವು ತುಳಿಯುತ್ತಿಲ್ಲ ಎಂದು ಎರಡನೆಯ ಸಲ ಹೇಳಿದಂತೆ. ತುಟಿ ಕಚ್ಚಿಕೊಂಡೆ.

ಕಾರವಾರದಲ್ಲಿ ಕಡಲ ದಂಡೆಯ ಹತ್ತಿರ ಶಾಮಿಯಾನಾ ಹಾಕಿದ್ದರು. ನಿಲಯದ ಹುಡುಗಿಯರನ್ನು ಬಸ್ಸಿನಲ್ಲಿ ಕರೆತಂದಿದ್ದರು. ಮಲ್ಲಣ್ಣ ಕಾರು ಮಾಡಿಕೊಂಡು ಬಂದಿದ್ದರು, ಕೈಯಲ್ಲಿ ಹಾರ ಹಿಡಿದುಕೊಂಡು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತಿತ್ತ ಓಡಾಡುತ್ತಿದ್ದರು. ಮೈಕಿನಲ್ಲಿ ಸರೋಜಕ್ಕನ ಹೆಸರು ಕರೆದರು. ನಾನು ಅವರ ಕೈ ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲ ಮೆಟ್ಟಿಲ ಮುಂದೆ ನಿಂತುಬಿಟ್ಟರು. ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕಿವಿಯ ಹತ್ತಿರ ಬಂದರು.

"ತಂಗಿ, ಖರೇ ಹೇಳು. ಆ ಏರಿನ್ಯಾಗ ನೀ ಒಬ್ಬಾಕಿನ ತುಳದೀಯೇನು? ನನ್ನ ಕಾಲಿಗೆ ಭಾರಾನ ತಿಳೀಲಿಲ್ಲ. ಬರೇ ಇಟ್ಟಂಗ ಇತ್ತು. ನೀ ತುಳದಿದ್ರ ತುಳದೀನಿ ಅನ್ನು. ನಾ ಸ್ಟೇಜ್ ಹತ್ತೂದಿಲ್ಲ."

ಎಷ್ಟೋ ವಾರಗಳ ಮೇಲೆ ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ಮೈಕಿನಲ್ಲಿ ಮತ್ತೆ ಹೆಸರು ಕೂಗಿದರು. ಹುಡುಗಿಯರು ಚಪ್ಪಾಳೆ ತಟ್ಟುತ್ತಾ ಸರೋಜಕ್ಕಾ, ಸರೋಜಕ್ಕಾ ಎನ್ನುತ್ತಿದ್ದರು. ನನ್ನ ಕಾಲಿಗೂ ಭಾರ ತಿಳಿದಿರಲಿಲ್ಲ. ನಾನೂ ಬರೀ ಕಾಲಿಟ್ಟುಕೊಂಡು ಕುಳಿತಿದ್ದೆ.

"ಇಲ್ಲಕ್ಕಾ" ಎಂದೆ. "ನಾ ತುಳೀಲಿಲ್ಲ. ನೀವ ತುಳದ್ರಿ."

ಅವರು ಸ್ವಲ್ಪ ಹೊತ್ತು ನನ್ನ ಮಣಿಕಟ್ಟನ್ನು ಹಾಗೆಯೇ ಹಿಡಿದಿದ್ದರು. ನನ್ನ ನಾಡಿ ನೋಡುತ್ತಿದ್ದಾರೇನೋ ಅನ್ನಿಸಿತು. ಆಮೇಲೆ ಕೈ ಬಿಟ್ಟು, ಯಾರ ಆಸರೆಯೂ ಇಲ್ಲದೆ, ಪಾದದಿಂದ ಮೆಟ್ಟಿಲನ್ನು ತಡವುತ್ತಾ ಮೇಲೆ ಹತ್ತಿ ಹೋದರು. ನಾನು ಹೇಳಿದ್ದರಲ್ಲಿ ಮೊದಲರ್ಧ ನಿಜವೆಂದು ಎಲ್ಲಿ ಬೇಕಾದರೂ ಸಹಿ ಹಾಕಬಲ್ಲೆ. ಉಳಿದರ್ಧ ನಾನು ಅವರಿಗೆ ಹೇಳಿದ ನಿಜವೋ, ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ.